ಎಕ್ಕ ಉಳಿದರೆ ಚಿಟ್ಟೆ ಉಳಿದೀತು

'ಎಕ್ಕ ಹುಟ್ಟಿಹೋಗಲಿ' ಎಂಬುದು ಕನ್ನಡದ ಹಳೆಯ ಶಾಪ. ಒಕ್ಕಲು ಬಿಟ್ಟ ಮನೆ, ಉಳುಮೆ ನಿಂತ ಹೊಲ, ಕುಸಿದ ಗೋಡೆಗಳಲ್ಲಿ ಎಕ್ಕ ತಾನಾಗಿ ಬೇರೂರುವುದನ್ನು ಕಂಡವರ ಮಾತದು. ದೇವನಹಳ್ಳಿ ತಾಲ್ಲೂಕಿನ ಬೂದಿಗೆರೆಯ ಸುತ್ತ ಇಂದು ಈ ಶಾಪವೇ ತಿರುಗುಮುರುಗಾಗಿದೆ. 2008ರಲ್ಲಿ ವಿಮಾನ ನಿಲ್ದಾಣ ಆರಂಭವಾದ ನಂತರ, ಹಳೆಯ ಮದ್ರಾಸು ರಸ್ತೆಯಿಂದ ಅತ್ತ ಸಾಗುವ ದಾರಿಯ ಇಕ್ಕೆಲಗಳಲ್ಲಿ ಹೊಲಗಳು ಬಡಾವಣೆಗಳಾಗುತ್ತಿವೆ. ಯಂತ್ರ ನೆಲವನ್ನು ಸಮತಟ್ಟು ಮಾಡುವಾಗ ಬದುವಿನ ಎಕ್ಕ ಯಾರ ಲೆಕ್ಕಕ್ಕೂ ಸಿಗದೆ ಕಿತ್ತುಹೋಗುತ್ತದೆ.

ಕಿತ್ತುಹೋಗುವುದು ಗಿಡವೊಂದೇ ಅಲ್ಲ. ಪ್ಲೇನ್ ಟೈಗರ್ ಎಂಬ ಕಿತ್ತಳೆ ಬಣ್ಣದ ಚಿಟ್ಟೆ ಎಕ್ಕದ ಎಲೆಯ ಮೇಲೆ ಮೊಟ್ಟೆಯಿಡುತ್ತದೆ. ಹುಳು ಆ ಎಲೆಯನ್ನೇ ತಿಂದು, ಅದರ ಹಾಲಿನ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಒಮ್ಮೆ ರುಚಿ ನೋಡಿದ ಹಕ್ಕಿ ಮತ್ತೆ ಆ ಬಣ್ಣದ ಗೊಡವೆಗೆ ಹೋಗದು. ವಿಷವಿಲ್ಲದ ಡನಾಯ್ಡ್ ಎಗ್‌ಫ್ಲೈ ಹೆಣ್ಣುಚಿಟ್ಟೆ ಇದೇ ವೇಷ ತೊಟ್ಟು ಬದುಕುತ್ತದೆ. ಸೊಗದೆ ಬಳ್ಳಿಯನ್ನು ಕಾಮನ್ ಕ್ರೋ, ಆಡುಮುಟ್ಟದ ಬಳ್ಳಿಯನ್ನು ಗ್ಲಾಸಿ ಟೈಗರ್ ಆಶ್ರಯಿಸಿವೆ.

ಇದು ಬಯಲುಸೀಮೆಯ ಚಿಂತೆ ಮಾತ್ರವೆಂದು ಮಲೆನಾಡು ಸುಮ್ಮನಿರುವಂತಿಲ್ಲ. ಮುಂಗಾರಿಗೆ ಮುನ್ನ ಬ್ಲೂ ಟೈಗರ್, ಕಾಮನ್ ಕ್ರೋ ಮೊದಲಾದ ಚಿಟ್ಟೆಗಳು ಪಶ್ಚಿಮಘಟ್ಟಗಳಿಂದ ಪೂರ್ವದ ಬಯಲಿನತ್ತ ಹಿಂಡುಹಿಂಡಾಗಿ ವಲಸೆ ಹೋಗುತ್ತವೆ. ಬೆಂಗಳೂರಿನ ಆಕಾಶವೂ ಅವುಗಳ ಹಾದಿಯೇ. ಮಲೆಯಲ್ಲಿ ಕಾಡನ್ನು ಕಾದರೂ ಬಯಲಿನಲ್ಲಿ ಆಶ್ರಯ ತಪ್ಪಿದರೆ ಕಾವಲು ಅರ್ಧವಷ್ಟೇ.

ಬನ್ನೇರುಘಟ್ಟದಲ್ಲಿ 2006ರಲ್ಲಿ ಚಿಟ್ಟೆ ಉದ್ಯಾನ ತೆರೆದಂದಿನಿಂದ ಚಿಟ್ಟೆತೋಟದ ಕಲ್ಪನೆ ಜನರಿಗೆ ಪರಿಚಿತ. ಆದರೆ ಹೂವಿನ ಅಲಂಕಾರವಷ್ಟೇ ತೋಟವಲ್ಲ. ಮಕರಂದ ಅತಿಥಿಗೆ ಇಟ್ಟ ಪಾನಕ. ಹುಳುವಿಗೆ ಬೇಕಾದುದು ತವರಿನ ಎಲೆ. ನರ್ಸರಿಗಳಲ್ಲಿ ದೊರೆಯುವ ಕೆಂಪು-ಹಳದಿ ಹೂವಿನ ಮಿಲ್ಕ್‌ವೀಡ್ ಅಮೆರಿಕ ಖಂಡದ ಉಷ್ಣವಲಯದ್ದು. ಪ್ಲೇನ್ ಟೈಗರ್ ಅದನ್ನೂ ತಿನ್ನುತ್ತದೆ, ನಿಜ. ಆದರೂ ನೀರು ಕೇಳದೆ ಬೆಳೆಯುವ, ಈ ಮಣ್ಣಿನದೇ ಆದ ಎಕ್ಕವನ್ನು ಕಿತ್ತು ಹೊರಗಿನ ಗಿಡವನ್ನು ಕೊಂಡು ತರುವುದು ವಿವೇಕವಲ್ಲ.

ಬಡಾವಣೆಯ ಉದ್ಯಾನ, ಶಾಲೆಯ ಬೇಲಿ, ಕೆರೆಯ ಏರಿ, ದೇವಸ್ಥಾನದ ಹಿತ್ತಿಲುಗಳಲ್ಲಿ ನಾಲ್ಕಾರು ಎಕ್ಕಗಳಿಗೂ ಬೇಲಿಗೆ ಹಬ್ಬುವ ಸೊಗದೆಗೂ ಜಾಗ ಕೊಡುವುದು ಹೊರೆಯಲ್ಲ. ಅದರ ಹಾಲು ಕಣ್ಣಿಗೆ ಅಪಾಯಕಾರಿಯಾದ್ದರಿಂದ ಮಕ್ಕಳು ಆಡುವೆಡೆಯಿಂದ ದೂರವಿರಲಿ. ಕತ್ತರಿಸುವವರು ಕೈ ತೊಳೆಯದೆ ಕಣ್ಣು ಮುಟ್ಟದಿರಲಿ. ಕೀಟನಾಶಕವಂತೂ ಆ ಸುತ್ತ ಸುಳಿಯಲೇಬಾರದು. ಹುಳು ಎಲೆಯನ್ನು ತೂತುಮಾಡಿದರೆ ಅದು ರೋಗವಲ್ಲ, ತೋಟ ಫಲಿಸಿದ ಗುರುತು.

ರಥಸಪ್ತಮಿಯಂದು ಏಳು ಎಕ್ಕದೆಲೆಗಳನ್ನು ಮೈಮೇಲಿಟ್ಟು ಮೀಯುವ, ಆಂಜನೇಯನಿಗೆ ಎಕ್ಕದ ಹಾರ ಹಾಕುವ ನಾಡಿದು. ವರ್ಷಕ್ಕೊಮ್ಮೆ ತಲೆಯ ಮೇಲೆ ಹೊರುವ ಗಿಡಕ್ಕೆ ವರ್ಷವಿಡೀ ಕಾಲಡಿಯಲ್ಲಿ ಒಂದು ಗೇಣು ನೆಲ ಬಿಡಲಾಗದೆ?