ವಾಷರು ಕೊಳ್ಳುವ ಮುನ್ನ ನೆನೆಹಾಕಿ ನೋಡೋಣ

ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾಲ ಬಂತೆಂದರೆ ಸಂಘದ ಮಳಿಗೆಯಲ್ಲಿ ಪಂಪಿನ ರಬ್ಬರು ವಾಷರುಗಳಿಗೆ ಬೇಡಿಕೆ ಹೆಚ್ಚುವುದು ವಾಡಿಕೆ. ಮಳೆ ಎರಡು ದಿನ ಹೊಳವಾದಾಗ, ಕೊನೆಗಾರ ಮರದ ಮೇಲಿರುವಾಗಲೇ ವಾಷರು ಬಿರಿದರೆ ಆ ಹೊಳವು ಕೈತಪ್ಪಿತೆಂದೇ ಅರ್ಥ. ಹೀಗಿದ್ದರೂ ನಾವು ವಾಷರನ್ನು ಆರಿಸುವುದು ಉಗುರಿನಿಂದ ಒತ್ತಿ, ದರಪಟ್ಟಿಯಲ್ಲಿ ಅಗ್ಗ ಯಾವುದೆಂದು ಹುಡುಕಿ. ಈ ಪದ್ಧತಿ ಬದಲಾಗಬೇಕೆಂಬುದು ನನ್ನ ಅಭಿಪ್ರಾಯ.

ರಬ್ಬರು ಎಂಬುದು ಸರಪಣಿಗಳಂಥ ಬಹಳ ಉದ್ದನೆಯ ಅಣುಗಳ ರಾಶಿ. ಹಾಲಿಗೆ ಆಸಿಡ್ ಹಾಕಿ ಮಾಡುವ ಶೀಟಿನಲ್ಲಿ ಈ ಸರಪಣಿಗಳು ಒಂದಕ್ಕೊಂದು ಸುತ್ತಿಕೊಂಡಿರುತ್ತವೆಯೇ ಹೊರತು ಬೆಸೆದುಕೊಂಡಿರುವುದಿಲ್ಲ. ಗಂಧಕ ಬೆರೆಸಿ ಕಾಯಿಸಿದಾಗ ಅವುಗಳ ನಡುವೆ ಅಲ್ಲಲ್ಲಿ ಗಂಟು ಬಿದ್ದು ಬಲೆಯಂತಾಗುತ್ತದೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡದ್ದು ಇದನ್ನೇ. ಗಂಧಕವೋ ಶಾಖವೋ ಸಾಲದಿದ್ದರೆ ಗಂಟುಗಳೂ ಸಾಲದಾಗುತ್ತವೆ. ಆದರೆ ಸೀಮೆಸುಣ್ಣದ ಪುಡಿ ತುಂಬಿದ ಮಾಲು ಗಂಟು ಕಡಮೆಯಿದ್ದರೂ ಕೈಗೆ ಗಟ್ಟಿಯಾಗಿಯೇ ತೋರುತ್ತದೆ. ಉಗುರಿನ ಪರೀಕ್ಷೆ ಮೋಸಹೋಗುವುದು ಇಲ್ಲಿಯೇ.

ಗಂಟು ಬಿದ್ದಿದೆಯೇ ಎಂದು ತಿಳಿಯಲು ಸುಲಭೋಪಾಯವಿದೆ. ವಾಷರಿನ ತುಂಡೊಂದನ್ನು ತೂಗಿ, ಮುಚ್ಚಳವಿರುವ ಗಾಜಿನ ಸೀಸೆಯಲ್ಲಿ ಪೆಟ್ರೋಲ್ ಹಾಕಿ, ಬೆಂಕಿಯಿಂದ ದೂರವಿಟ್ಟು ಎರಡು ದಿನ ನೆನೆಸಬೇಕು. ಗಂಟಿಲ್ಲದ ಶೀಟಿನ ತುಂಡು ಆಕಾರಗೆಟ್ಟು ಅಂಟಾಗುತ್ತದೆ. ಗಂಟು ಬಿದ್ದ ರಬ್ಬರು ಉಬ್ಬುತ್ತದೆಯೇ ವಿನಾ ಕರಗುವುದಿಲ್ಲ. ಮತ್ತೆ ತೂಗಿದಾಗ ತೂಕ ಹೆಚ್ಚು ಏರಿದಷ್ಟೂ ಗಂಟುಗಳು ಕಡಮೆಯೆಂದು ತಿಳಿಯಬೇಕು. ಈ ಉಬ್ಬುವಿಕೆಯಿಂದ ಗಂಟುಗಳನ್ನು ಲೆಕ್ಕಹಾಕುವ ಸೂತ್ರವನ್ನು ಫ್ಲೋರಿ ಮತ್ತು ರೇನರ್ ಎಂಬ ವಿಜ್ಞಾನಿಗಳು 1943ರಲ್ಲಿಯೇ ಪ್ರಕಟಿಸಿದ್ದಾರೆ. ನಮಗೆ ಸೂತ್ರ ಬೇಡ. ಒಳ್ಳೆಯದೆಂದು ಬಳಕೆಯಿಂದ ಗೊತ್ತಿರುವ ವಾಷರಿನ ತುಂಡೊಂದನ್ನು ಜೊತೆಗೇ ನೆನೆಸಿ ಹೋಲಿಸಿದರೆ ಸಾಕು.

ಈ ಪರೀಕ್ಷೆಗೂ ಮಿತಿಯುಂಟು. ಪುಡಿ ತುಂಬಿದ ಮಾಲು ಸಹಜವಾಗಿಯೇ ಕಡಮೆ ಉಬ್ಬುವುದರಿಂದ ಒಂದೇ ಬಗೆಯ ಮಾಲುಗಳನ್ನಷ್ಟೇ ಹೋಲಿಸಬೇಕು. ನೈಟ್ರೈಲ್ ಎಂಬ ಕೃತಕ ರಬ್ಬರು ಪೆಟ್ರೋಲಿಗೆ ಜಗ್ಗದ ಜಾತಿ. ಅದರ ಲೆಕ್ಕವೇ ಬೇರೆ. ಗಂಟು ಅತಿಯಾದರೆ ರಬ್ಬರು ಪೆಡಸಾಗುತ್ತದೆ. ಆದ್ದರಿಂದ ಹಿಗ್ಗಿಸಿ ಬಿಟ್ಟು, ಮೊದಲಿನ ಅಳತೆಗೆ ಮರಳುವುದೇ ಎಂದೂ ನೋಡತಕ್ಕದ್ದು.

ಪ್ರತಿ ತೋಟದವರೂ ಸೀಸೆ ಹಿಡಿದು ಕೂರಬೇಕೆಂದು ನಾನು ಹೇಳುತ್ತಿಲ್ಲ. ಸಗಟು ಕೊಳ್ಳುವ ಸಂಘವೇ ಈ ಕೆಲಸ ಮಾಡಲಿ. ಮಾದರಿ ಕೊಡಲೊಪ್ಪದ ವ್ಯಾಪಾರಿಯ ದರಪಟ್ಟಿ, ಎಷ್ಟೇ ಅಗ್ಗವಿರಲಿ, ಬದಿಗಿಡೋಣ. ಪರೀಕ್ಷೆಗೆ ತಗಲುವುದು ಕೆಲವು ವಾಷರು, ಒಂದಿಷ್ಟು ಪೆಟ್ರೋಲ್. ಮುಂದಿನ ಸಭೆಯಲ್ಲಿ ಸದಸ್ಯರು ಈ ಬಗ್ಗೆ ನಿರ್ಣಯ ಕೈಗೊಳ್ಳಬೇಕೆಂದು ಕೋರುತ್ತೇನೆ.

ಕೊನೆಯದಾಗಿ ಒಂದು ಮಾತು. ಮೈಲುತುತ್ತಿನಲ್ಲಿರುವ ತಾಮ್ರ ಸ್ವಾಭಾವಿಕ ರಬ್ಬರಿಗೆ ಶತ್ರು. ಎಷ್ಟೇ ಒಳ್ಳೆಯ ವಾಷರಾದರೂ ಬೋರ್ಡೋ ದ್ರಾವಣ ಹೊಡೆದ ದಿನವೇ ಪಂಪನ್ನು ಶುದ್ಧ ನೀರಿನಿಂದ ತೊಳೆದಿಡದಿದ್ದರೆ ಬಾಳಿಕೆ ಬರದು.

— ಕಾರ್ಯದರ್ಶಿ