ಗುಡ್ಡೆ ಬೈಲುಗಳ ಊರು

ಡಿಸೆಂಬರ್ ತಿಂಗಳ ಕೊನೆಯಲ್ಲಿ ಮೂರು ದಿನಗಳ ಬಿಡುವು ದೊರೆತಾಗ ನಾನು ಅಣ್ಣನ ಮಗನನ್ನು ಕರೆದುಕೊಂಡು ಬೆಂಗಳೂರಿನಿಂದ ಮಂಗಳೂರಿಗೆ ಹೋಗಿದ್ದೆನು. ಅತ್ತಿಗೆಯವರು ಹುಡುಗನಿಗೆ ಹೊದಿಸಿ ಕಳುಹಿಸಿದ್ದ ಉಣ್ಣೆಯ ಅಂಗಿಯು ಬಸ್ಸು ಶಿರಾಡಿ ಘಟ್ಟವನ್ನು ಇಳಿದೊಡನೆ ಚೀಲವನ್ನು ಸೇರಿತು. ಕರಾವಳಿಯ ಚಳಿಗಾಲವೆಂದರೆ ಮಳೆಯಿಲ್ಲದ, ಬೆಳಗಿನ ಹೊತ್ತು ತುಸು ತಂಪಾಗಿರುವ ಕಾಲ, ಅಷ್ಟೆ. ಊರನ್ನು ನಡೆದು ನೋಡುವವರಿಗೆ ಇದಕ್ಕಿಂತ ಒಳ್ಳೆಯ ಸಮಯ ಇನ್ನೊಂದಿಲ್ಲ.

ನಡೆದೇ ನೋಡಬೇಕೆಂಬುದು ನನ್ನ ವಾದ. ಮಂಗಳೂರಿಗೆ ಬರುವ ಪ್ರವಾಸಿಗರು ಸಾಮಾನ್ಯವಾಗಿ ವಾಹನವೊಂದನ್ನು ಗೊತ್ತುಮಾಡಿಕೊಂಡು ಪಣಂಬೂರಿನ ಕಡಲತೀರ, ಒಂದೆರಡು ದೇವಾಲಯಗಳು, ಒಂದು ಇಗರ್ಜಿ, ಇಷ್ಟನ್ನು ನೋಡಿ ಮರಳುತ್ತಾರೆ. ಅವರು ನೋಡಿದ್ದು ಸ್ಥಳಗಳನ್ನೇ ಹೊರತು ಊರನ್ನಲ್ಲ. ಏಕೆಂದರೆ ಈ ಊರಿನ ಮುಖ್ಯ ಲಕ್ಷಣವಾದ ಏರಿಳಿತವು ವಾಹನದಲ್ಲಿ ಕುಳಿತವನ ಅನುಭವಕ್ಕೆ ಬರುವುದಿಲ್ಲ. ಅದು ಕಾಲಿಗೆ ಮಾತ್ರ ತಿಳಿಯುವ ಸಂಗತಿ. ಮೊದಲನೆಯ ದಿನವೇ ಹುಡುಗನು ಏದುಸಿರು ಬಿಡುತ್ತ, “ಚಿಕ್ಕಪ್ಪಾ, ಇಲ್ಲಿಯವರು ಪ್ರತಿದಿನವೂ ಹೀಗೆ ಹತ್ತಿ ಇಳಿಯುತ್ತಾರೆಯೆ?” ಎಂದು ಕೇಳಿದನು.

ಇಲ್ಲಿಯ ಬಡಾವಣೆಗಳ ಹೆಸರುಗಳನ್ನು ಗಮನಿಸಿರಿ. ಬಾವುಟಗುಡ್ಡೆ, ಮಣ್ಣಗುಡ್ಡೆ, ಪದವಿನಂಗಡಿ, ಕೊಡಿಯಾಲಬೈಲು, ದೇರೆಬೈಲು, ಹೊಯಿಗೆಬಜಾರು. ಪದವು ಎಂದರೆ ನೆತ್ತಿ ಚಪ್ಪಟೆಯಾದ ಗುಡ್ಡ. ಬೈಲು ಎಂದರೆ ಗುಡ್ಡಗಳ ನಡುವಣ ತಗ್ಗಿನ ಗದ್ದೆಯ ನೆಲ. ಹೊಯಿಗೆ ಎಂದರೆ ಮರಳು, ಆದುದರಿಂದ ಆ ಪೇಟೆಯು ನದಿಯ ದಡದಲ್ಲಿರುವುದು ಸಹಜವೇ. ನೆಲವನ್ನು ಚೆನ್ನಾಗಿ ಬಲ್ಲವರು ಇಟ್ಟ ಹೆಸರುಗಳಿವು. ಇಂದು ಬೈಲುಗಳಲ್ಲಿ ಗದ್ದೆಗಳನ್ನು ಹುಡುಕಿದರೆ ಸಿಗಲಾರವು, ಹೆಸರು ಮಾತ್ರ ಉಳಿದಿದೆ.

ಬಾವುಟಗುಡ್ಡೆಯ ಮೇಲೆ ಒಂದು ಹಳೆಯ ದೀಪಸ್ತಂಭವಿದೆ. ಅದೇ ಗುಡ್ಡೆಯಲ್ಲಿರುವ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರದ ಒಳಗೋಡೆಗಳನ್ನೂ ಚಾವಣಿಯನ್ನೂ ಇಟಲಿಯಿಂದ ಬಂದ ಅಂತೋನಿಯೊ ಮೊಸ್ಕೇನಿ ಎಂಬ ಕಲಾವಿದನು 1899ರಿಂದ 1901ರವರೆಗೆ ಚಿತ್ರಗಳಿಂದ ತುಂಬಿದನು. ಗೋಡೆಯ ಚಿತ್ರಗಳನ್ನು ಹಸಿಗಾರೆಯ ಮೇಲೆ, ಅದು ಒಣಗುವುದರೊಳಗಾಗಿ ಬರೆಯಬೇಕಾಗಿತ್ತು. ಹುಡುಗನು ಕತ್ತು ನೋಯುವವರೆಗೂ ಮೇಲಕ್ಕೆ ನೋಡಿದನು.

ಆದರೆ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಕದ್ರಿ. ಅಲ್ಲಿ ಕ್ರಿ. ಶ. 968ರಲ್ಲಿ ಅಳುಪ ಅರಸು ಕುಂದವರ್ಮನು ಪ್ರತಿಷ್ಠಾಪಿಸಿದ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಅದರ ಸೌಂದರ್ಯವನ್ನು ಬಲ್ಲವರು ಈಗಾಗಲೇ ಬಣ್ಣಿಸಿದ್ದಾರೆ. ನಾನು ಹೇಳಬೇಕೆಂದಿರುವುದು ದೇವಾಲಯದ ಹಿಂಬದಿಯ ನೀರಿನ ಮಾತು. ಗುಡ್ಡೆಯಿಂದ ಒಸರಿದ ನೀರು ಗೋಮುಖದ ಮೂಲಕ ಕೆರೆಗಳಿಗೆ ಬೀಳುತ್ತಿತ್ತು. ಮಳೆಗಾಲ ಮುಗಿದು ಎಷ್ಟೋ ವಾರಗಳು ಕಳೆದಿದ್ದವು. ಆ ನೀರು ಎಲ್ಲಿಯದು? ಈ ಗುಡ್ಡೆಗಳು ಮುರಕಲ್ಲಿನವು. ಮುರಕಲ್ಲು ತೂತುತೂತಾದ ಕೆಂಪು ಕಲ್ಲು. ಅಗೆಯುವಾಗ ಮೆದು, ಗಾಳಿಬಿಸಿಲಿಗೆ ಬಿದ್ದ ಮೇಲೆ ಗಟ್ಟಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯನ್ನು ಅದು ತನ್ನೊಳಗೆ ಇಳಿಸಿಕೊಂಡು, ಬಳಿಕ ಸ್ವಲ್ಪಸ್ವಲ್ಪವಾಗಿ ಬುಡದಲ್ಲಿ ಬಿಟ್ಟುಕೊಡುತ್ತದೆ. ಊರಿನ ಗೋಡೆಗಳೂ ಇದೇ ಕಲ್ಲಿನವು. ಮೇಲಿನ ಹೆಂಚು ನದೀತೀರದ ಜೇಡಿಮಣ್ಣಿನದು. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು.

ಎರಡನೆಯ ದಿನ ನಡೆಯುತ್ತಿದ್ದಾಗ ಒಂದೆಡೆ ಅರ್ಧ ಕತ್ತರಿಸಿದ ಗುಡ್ಡೆಯೊಂದು ಕಂಡಿತು. ಯಂತ್ರವು ಕೆಮ್ಮಣ್ಣನ್ನು ಲಾರಿಗೆ ತುಂಬುತ್ತಿತ್ತು; ಆ ಮಣ್ಣು ಯಾವುದೋ ತಗ್ಗಿನ ನೆಲವನ್ನು ತುಂಬಿಸಲು ಹೋಗುತ್ತದೆಯೆಂದು ಪಕ್ಕದ ಅಂಗಡಿಯವರು ತಿಳಿಸಿದರು. ಎತ್ತರವನ್ನು ತಗ್ಗಿಸಿ, ತಗ್ಗನ್ನು ಎತ್ತರಿಸಿದರೆ ಮಳೆಯ ನೀರು ಎಲ್ಲಿಗೆ ಹೋಗಬೇಕು? ಹೀರಿಕೊಳ್ಳಲು ಗುಡ್ಡೆಯಿಲ್ಲ, ಹರಡಿಕೊಳ್ಳಲು ಬೈಲಿಲ್ಲ, ಹರಿದುಹೋಗಬೇಕಾದ ತೋಡುಗಳು ಇಕ್ಕಟ್ಟಾಗಿವೆ. 2018ರ ಮೇ 29ರಂದು ಸುರಿದ ಮಳೆಗೆ ನಗರದ ತಗ್ಗು ಪ್ರದೇಶಗಳು ಜಲಾವೃತವಾದುದನ್ನು ಅಲ್ಲಿಯವರು ಮರೆತಿಲ್ಲ. ಮಳೆ ಆ ದಿನ ಅಸಾಧಾರಣವಾಗಿತ್ತು, ನಿಜ. ಆದರೂ ತಪ್ಪನ್ನೆಲ್ಲ ಮೋಡಗಳ ಮೇಲೆ ಹೊರಿಸಲು ನನಗೆ ಮನಸ್ಸು ಬರುವುದಿಲ್ಲ.

ಬೆಳೆಯುವ ಊರಿಗೆ ಮನೆಗಳು ಬೇಡವೆ, ರಸ್ತೆಗಳು ಬೇಡವೆ, ಮೂರು ದಿನಕ್ಕೆ ಬಂದುಹೋಗುವವನಿಗೆ ಈ ಚಿಂತೆಯೇಕೆ ಎಂದು ಯಾರಾದರೂ ಕೇಳಬಹುದು. ಬೆಂಗಳೂರಿನ ಕೆರೆಗಳು ಒಂದೊಂದಾಗಿ ಬಡಾವಣೆಗಳಾದುದನ್ನು ಕಂಡ ನನಗೆ ಬಾಯಿಮುಚ್ಚಿಕೊಂಡಿರುವುದು ಕಷ್ಟ. ಗುಡ್ಡೆಯ ಇಳಿಜಾರಿಗೆ ಹೊಂದಿಕೊಂಡು ಮೆಟ್ಟಿಲುಮೆಟ್ಟಿಲಾಗಿ ಕಟ್ಟಿದ ಹೆಂಚಿನ ಮನೆಗಳನ್ನು ನಾವು ಅದೇ ಊರಿನಲ್ಲಿ ಬೇಕಾದಷ್ಟು ನೋಡಿದೆವು. ನೆಲವನ್ನು ಸಮಮಾಡದೆಯೂ ಮನೆ ಕಟ್ಟಬಹುದೆಂಬುದನ್ನು ಅಲ್ಲಿಯ ಹಿರಿಯರು ಎಂದೋ ಅರಿತಿದ್ದರು.

ಕೊನೆಯ ದಿನ ಸಂಜೆ ಹಳೆಯ ಬಂದರಿನಿಂದ ಬೆಂಗರೆಗೆ ಹೋಗುವ ದೋಣಿಯನ್ನೇರಿದೆವು. ಬೆಂಗರೆ ಎಂಬುದು ಫಲ್ಗುಣಿ ನದಿಗೂ ಕಡಲಿಗೂ ನಡುವೆ ಚಾಚಿಕೊಂಡಿರುವ ಮರಳಿನ ನೆಲ. ದಕ್ಷಿಣಕ್ಕೆ, ನೇತ್ರಾವತಿ ಬಂದು ಕೂಡಿಕೊಳ್ಳುವ ಅಳಿವೆಯ ಕಡೆ, ಮೀನುದೋಣಿಗಳು ಸಾಲಾಗಿ ಒಳಕ್ಕೆ ಬರುತ್ತಿದ್ದವು. ಹುಡುಗನು ಹಿಂದಿರುಗಿ ಊರಿನತ್ತ ನೋಡಿ, ತಾನು ಹತ್ತಿದ ಬಾವುಟಗುಡ್ಡೆ ಯಾವುದೆಂದು ಕೇಳಿದನು. ನನಗೆ ಗುರುತು ಹತ್ತಲಿಲ್ಲ. ದೋಣಿಯವರು ಕೈಚಾಚಿ, “ಅಲ್ಲಿ ಉಂಟು ನೋಡಿ, ಆ ದೊಡ್ಡ ಕಟ್ಟಡಗಳ ಹಿಂದೆ” ಎಂದರು. ಇಬ್ಬರೂ ಕಣ್ಣು ಕಿರಿದುಮಾಡಿಕೊಂಡು ನೋಡಿದೆವು. ದೋಣಿ ಬೆಂಗರೆಯ ದಡ ಸೇರುವವರೆಗೂ ಹುಡುಗನು ಅದನ್ನು ಹುಡುಕುತ್ತಲೇ ಇದ್ದನು.