ಫೋಟೋ ಹೊಡೆದಿದ್ದು ಸಾಕು, ಮಾತು ಹಿಡಿಯಿರಿ!



ಮಳೆಗಾಲ ಬಂತೆಂದರೆ ಬೆಂಗಳೂರಿನಿಂದ ಬೈಕುಗಳ ದಂಡು ಹಾಸನದತ್ತ ಹೊರಡುತ್ತದೆ. ಎಲ್ಲಿಗೆ? ಶೆಟ್ಟಿಹಳ್ಳಿಗೆ. ಹೇಮಾವತಿ ಹಿನ್ನೀರಿನಲ್ಲಿ ಅರ್ಧ ಮುಳುಗಿದ ಹಳೇ ಚರ್ಚಿನ ಮುಂದೆ ನಿಂತು ಒಂದು ಸೆಲ್ಫಿ, ದಾರಿಯಲ್ಲೊಂದು ತಟ್ಟೆ ಇಡ್ಲಿ, ಸಂಜೆಗೆ ವಾಪಸ್. ನಿಮ್ಮಲ್ಲಿ ಎಷ್ಟು ಜನರ ಮೊಬೈಲಿನಲ್ಲಿ ಆ ಫೋಟೋ ಇದೆ, ಕೈ ಎತ್ತಿ!

ಈಗ ಇನ್ನೊಂದು ಪ್ರಶ್ನೆ. 19ನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಆ ಚರ್ಚಿನ ಸುತ್ತ ಊರುಗಳಿದ್ದವಲ್ಲ? ಗೊರೂರಿನಲ್ಲಿ ಅಣೆಕಟ್ಟು ಎದ್ದು 1979ರಲ್ಲಿ ಕೆಲಸ ಮುಗಿಯುವ ಹೊತ್ತಿಗೆ ಆ ಜನ ಗಂಟುಮೂಟೆ ಕಟ್ಟಿಕೊಂಡು ಹೊರಟರಲ್ಲ? ಅವರಲ್ಲಿ ಒಬ್ಬರ ದನಿಯನ್ನಾದರೂ ಕೇಳಿದ್ದೀರಾ? ಊರು ಬಿಟ್ಟ ದಿನ ಒಲೆಯ ಬೂದಿ ಏನು ಮಾಡಿದರು, ದೇವರನ್ನು ಹೇಗೆ ಹೊತ್ತರು, ನಾಯಿ ಹಿಂದೆ ಬಂತಾ ಇಲ್ಲವಾ? ಕೇಳಿಲ್ಲ. ಆಗ 25 ವರ್ಷದವರಾಗಿದ್ದವರಿಗೆ ಈಗ 70 ದಾಟಿದೆ. ಇನ್ನು ಹತ್ತು ವರ್ಷ ಬಿಟ್ಟು ಕೇಳೋಣ ಎಂದರೆ ಕೇಳುವುದು ಯಾರನ್ನು?

ಆ ಫೋಟೋ ತೆಗೆದ ಮೊಬೈಲಿನಲ್ಲೇ ಒಂದು ರೆಕಾರ್ಡರ್ ಇದೆ. ಅದನ್ನು ಒತ್ತಿ. ಸಂದರ್ಶನದ ಕಾರ್ಯಕ್ರಮ ಕಟ್ಟಿ. ಸಮುದಾಯ ರೇಡಿಯೋಗೂ ಕೊಡಿ, ಪಾಡ್‌ಕಾಸ್ಟ್ ಎಂದು ಕರೆಯುತ್ತಾರಲ್ಲ, ಅಲ್ಲಿಗೂ ಹಾಕಿ. ಇದು ಈ ಸಲದ ನಮ್ಮ ಒತ್ತಾಯ.

ನಮಗೇನು ರೇಡಿಯೋ ಗೊತ್ತು ಸ್ವಾಮಿ ಎಂದು ಕೈ ಚೆಲ್ಲಬೇಡಿ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಎಂಬ ಮನಶ್ಶಾಸ್ತ್ರದ ಮೇಷ್ಟ್ರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದರು. ಅದರ ಹೆಸರು 'ಆಕಾಶವಾಣಿ'. ಮುಂದೆ ಇಡೀ ದೇಶದ ಸರ್ಕಾರಿ ರೇಡಿಯೋ ಅದೇ ಹೆಸರನ್ನು ಹಾಕಿಕೊಂಡಿತು. ದಿಲ್ಲಿಯವರು ಕಲಿಸಿದ ವಿದ್ಯೆಯಲ್ಲ ಇದು, ನಮ್ಮ ಮನೆಯಿಂದ ಹೋದದ್ದು! ಕೋಲಾರ ಜಿಲ್ಲೆಯ ಬೂದಿಕೋಟೆಯ ಹಳ್ಳಿಗರು ಪರವಾನಗಿ ಸಿಗದ ಕಾಲದಲ್ಲಿ ಸುಮ್ಮನೆ ಕೂರಲಿಲ್ಲ, 'ನಮ್ಮ ಧ್ವನಿ'ಯನ್ನು ಕೇಬಲ್ ತಂತಿಯಲ್ಲೇ ಮನೆ ಮನೆಗೆ ಮುಟ್ಟಿಸಿದರು. ಇವತ್ತು ಸರಗೂರಿನಲ್ಲಿ 'ಜನಧ್ವನಿ' ಇದೆ, ಮಂಗಳೂರಿನಲ್ಲಿ 'ಸಾರಂಗ್' ಇದೆ. ಹಾಸನದ ಸೀಮೆಯವರ ಮಾತು ಮಾತ್ರ ಯಾಕೆ ಹಿಂದೆ ಬೀಳಬೇಕು?

ಕಾನೂನು ಏನು ಹೇಳುತ್ತದೆ ನೋಡಿ. ಗಾಳಿಯ ಅಲೆಗಳು ಸಾರ್ವಜನಿಕರ ಸೊತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. 2002ರ ಕೊನೆಯಲ್ಲಿ ಶಿಕ್ಷಣ ಸಂಸ್ಥೆಗಳಿಗೆ, 2006ರಲ್ಲಿ ನೋಂದಾಯಿತ ಸಂಘ ಸಂಸ್ಥೆಗಳಿಗೂ ಸಮುದಾಯ ರೇಡಿಯೋ ಬಾಗಿಲು ತೆರೆಯಿತು. ಒಬ್ಬಂಟಿ ವ್ಯಕ್ತಿಗೆ ಸಿಗುವುದಿಲ್ಲ, ರಾಜಕೀಯ ಪಕ್ಷಕ್ಕೂ ಸಿಗುವುದಿಲ್ಲ. (ಹಾಸನ ಜಿಲ್ಲೆಯಲ್ಲಿ ಇದೊಂದು ದೊಡ್ಡ ನೆಮ್ಮದಿ!) ಕಾರ್ಯಕ್ರಮದಲ್ಲಿ ಅರ್ಧದಷ್ಟಾದರೂ ಸ್ಥಳೀಯರೇ ಸೇರಿ ಮಾಡಿದ್ದಾಗಿರಬೇಕು, ಆದಷ್ಟೂ ಸ್ಥಳೀಯ ಭಾಷೆಯಲ್ಲಿ, ಸ್ಥಳೀಯ ನುಡಿಗಟ್ಟಿನಲ್ಲಿ ಇರಬೇಕು ಎಂದು ಕೇಂದ್ರದ ಮಾರ್ಗಸೂಚಿಯೇ ಹೇಳುತ್ತದೆ. ಕನ್ನಡಕ್ಕಾಗಿ ಪ್ರತಿ ಸಲ ಬೀದಿಗಿಳಿದು ಕೂಗುವ ನಮಗೆ, ಕೂಗದೆಯೇ ಕೈಗೆ ಬಂದಿರುವ ಅವಕಾಶ ಇದು. ಎಷ್ಟು ಜನ ಬಳಸಿದ್ದೇವೆ?

ಅಡ್ಡಿಗಳೂ ಇವೆ, ಮುಚ್ಚಿಡುವುದಿಲ್ಲ. 100 ವಾಟ್ ಶಕ್ತಿಯ ಈ ರೇಡಿಯೋ ಮುಟ್ಟುವುದು 10-15 ಕಿ.ಮೀ. ಹಾಸನದಲ್ಲಿ ಮಾತಾಡಿದ್ದು ಚನ್ನರಾಯಪಟ್ಟಣಕ್ಕೆ ಕೇಳಿಸದು, ಅರಕಲಗೂಡಿನದು ಹೊಳೆನರಸೀಪುರಕ್ಕೆ ದಾಟದು. ಸ್ವಂತ ಸುದ್ದಿ ಓದುವಂತಿಲ್ಲ, ಆಕಾಶವಾಣಿಯ ಸುದ್ದಿಯನ್ನು ಇದ್ದಂತೆಯೇ ಇಲ್ಲವೇ ಸ್ಥಳೀಯ ನುಡಿಗೆ ಅನುವಾದಿಸಿ ಹಾಕಬಹುದು ಅಷ್ಟೆ. ಅದಕ್ಕೇ ಹೇಳುವುದು, ಒಂದೇ ಸಂದರ್ಶನಕ್ಕೆ ಎರಡು ಹಾದಿ ಇಟ್ಟುಕೊಳ್ಳಿ ಎಂದು. ಅರ್ಧ ಗಂಟೆಗೆ ಇಳಿಸಿದ್ದು ರೇಡಿಯೋಗೆ. ಒಂದು ಗಂಟೆ ಹರಿದಿದ್ದು ಪಾಡ್‌ಕಾಸ್ಟಿಗೆ. ಅದು ಬೆಂಗಳೂರಿನ ಪೀಜಿಯಲ್ಲಿರುವ ಅರಕಲಗೂಡಿನ ಹುಡುಗಿಗೂ ಮುಟ್ಟುತ್ತದೆ, ದುಬೈನಲ್ಲಿರುವ ಚನ್ನರಾಯಪಟ್ಟಣದ ಡ್ರೈವರಿಗೂ ಮುಟ್ಟುತ್ತದೆ.

ಯಾರನ್ನು ಕೂರಿಸುವುದು? ಬೇಡ, ಮತ್ತೆ ಆ ಶಾಸಕರು, ಆ ಅಧ್ಯಕ್ಷರು ಬೇಡ! ಅವರಿಗೆ ಮೈಕಿನ ಬರ ಇಲ್ಲ. ಶ್ರವಣಬೆಳಗೊಳದ ವಿಂಧ್ಯಗಿರಿ ಮೆಟ್ಟಿಲುಗಳ ಮೇಲೆ ವಯಸ್ಸಾದವರನ್ನು ಡೋಲಿಯಲ್ಲಿ ಹೊರುವವರ ಹೆಗಲನ್ನು ನೋಡಿದ್ದೀರಾ? 2018ರ ಮಹಾಮಸ್ತಕಾಭಿಷೇಕದ ನೆನಪು ಅವರ ಬಾಯಲ್ಲಿ ಬೇರೆಯೇ ಇರುತ್ತದೆ. ರಾಮನಾಥಪುರದ ತಂಬಾಕು ಹರಾಜಿನಲ್ಲಿ ಬೇಲು ಇಟ್ಟು ದರವನ್ನೇ ಕಾಯುವ ಬೆಳೆಗಾರನಿದ್ದಾನೆ. ಆಲೂಗೆಡ್ಡೆಗೆ ಅಂಗಮಾರಿ ಬಿದ್ದು ಹೊಲವೇ ಕರಗಿದ್ದನ್ನು ಕಂಡ ಹಾಸನದ ರೈತ ಹೆಂಗಸಿದ್ದಾಳೆ. ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ ವೇದಾಂತವನ್ನು ಕನ್ನಡದಲ್ಲಿ ಅಚ್ಚು ಹಾಕಿದ ಊರಿನ ಸಂಸ್ಥೆ. ಆ ಊರಲ್ಲಿ ಅಚ್ಚುಮೊಳೆ ಜೋಡಿಸಿದ ಕೈ ಯಾವುದಾದರೂ ಉಳಿದಿದ್ದರೆ ಮೊದಲು ಅಲ್ಲಿಗೆ ಓಡಿ. ಹಾಸನದ ಬಾನು ಮುಷ್ತಾಕ್ ಅವರ ಕತೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ಲೋಕವೆಲ್ಲ ಹಾಸನ ಎಲ್ಲಿದೆ ಎಂದು ಹುಡುಕಿತು. ಅವರು ಕತೆಗೆ ಕಿವಿ ಕೊಟ್ಟ ಕೇರಿಗಳು ಇನ್ನೂ ಅಲ್ಲೇ ಇವೆ.

ಇನ್ನು ಕೆಲಸದ ಮಾತು. ನಮ್ಮ ಹುಡುಗರು ಮೊದಲ ಸಲ ಹೊರಟಾಗ ಆದದ್ದನ್ನೇ ಹೇಳುತ್ತೇನೆ. ಒಬ್ಬ ಅವ್ವನ ಮುಂದೆ ಕೂತ ಹುಡುಗ ಎರಡು ನಿಮಿಷ ಪ್ರಶ್ನೆ ಕೇಳಿದ. ಅವಳು ಎಲೆ ಅಡಿಕೆ ಪಕ್ಕಕ್ಕಿಟ್ಟು, "ಎಲ್ಲಾನೂ ನೀನೇ ಯೋಳ್ಬುಟ್ಯಲ್ಲಪ್ಪಾ, ನಾನೇನ್ ಯೋಳ್ಲಿ?" ಎಂದಳು. ಅಷ್ಟೇ ಅಲ್ಲ, ಮನೆಗೆ ಬಂದು ಕೇಳಿದರೆ ಮೇಲೆ ತಿರುಗುತ್ತಿದ್ದ ಫ್ಯಾನಿನ ಸದ್ದೇ ಸದ್ದು, ಅವ್ವನ ಮಾತು ಅದರ ಕೆಳಗೆಲ್ಲೋ. ಜೊತೆಗೆ ನಡುವೆ ಒಂದು ಫೋನು ಬಂದು ರೆಕಾರ್ಡಿಂಗೇ ನಿಂತಿತ್ತು! ಮತ್ತೆ ಹೋಗಬೇಕಾಯಿತು. ಎರಡನೇ ಸಲ ಅದೇ ಕತೆ ಹೇಳಿದಳು, ಆದರೆ ಮೊದಲ ಸಲ ಬಂದ ಕಣ್ಣೀರು ಬರಲಿಲ್ಲ.

ಆದ್ದರಿಂದ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಫ್ಯಾನು ಆರಿಸಿ, ಪಂಪ್‌ಸೆಟ್ಟಿನಿಂದ ದೂರ ಕೂರಿ. ಹಾಸಿಗೆ, ಬಟ್ಟೆ, ಮೂಟೆ ಇರುವ ಕೋಣೆ ಸಿಕ್ಕರೆ ಗೆದ್ದಿರಿ, ಖಾಲಿ ಹಾಲಿನಲ್ಲಿ ದನಿ ಗುಂಯ್‌ಗುಡುತ್ತದೆ. ಕಾಲರ್ ಮೈಕು ಕೊಂಡರೆ ಒಳ್ಳೆಯದು, ಇಲ್ಲದಿದ್ದರೆ ಫೋನನ್ನೇ ಬಾಯಿಂದ ಒಂದು ಗೇಣು ದೂರದಲ್ಲಿ ಇಡಿ. ಮೊದಲು ಅರ್ಧ ನಿಮಿಷ ರೆಕಾರ್ಡ್ ಮಾಡಿ, ಅಲ್ಲೇ ಕೇಳಿ, ಆಮೇಲೆ ಮುಂದುವರಿಸಿ. ಮುಗಿದ ಮೇಲೂ ಒಂದು ನಿಮಿಷ ಎಲ್ಲರೂ ಸುಮ್ಮನಿದ್ದು ಆ ಕೋಣೆಯ ಬರೀ ಸದ್ದನ್ನು ಹಿಡಿದಿಟ್ಟುಕೊಳ್ಳಿ, ಕತ್ತರಿಸಿದ ಜಾಗಕ್ಕೆ ತೇಪೆ ಹಾಕಲು ಬೇಕಾಗುತ್ತದೆ.

ಪ್ರಶ್ನೆ ಚಿಕ್ಕದಿರಲಿ. 'ಕಷ್ಟ ಆಯ್ತಾ?' ಎಂದರೆ 'ಹೂಂ' ಎಂದು ಮುಗಿಸುತ್ತಾರೆ. 'ಆ ದಿನ ಬೆಳಗ್ಗೆ ಎದ್ದು ಏನು ಮಾಡಿದ್ರಿ?' ಎಂದು ಕೇಳಿ ನೋಡಿ. ಅವರು ಮಾತು ನಿಲ್ಲಿಸಿದರೆ ನೀವು ತಕ್ಷಣ ಬಾಯಿ ಹಾಕಬೇಡಿ. ಸರ್, ಮೇಡಂ ಬಿಡಿ. ಯಜಮಾನ್ರೇ, ಅಜ್ಜಿ, ಅಕ್ಕ ಎನ್ನಿ. ನಿಮ್ಮ 'ಸೋ', 'ಬೇಸಿಕಲಿ', 'ಆಕ್ಚುಲಿ'ಗಳನ್ನು ಬಾಗಿಲಾಚೆ ಚಪ್ಪಲಿ ಜೊತೆ ಬಿಟ್ಟು ಒಳಗೆ ಹೋಗಿ!

ಎಡಿಟಿಂಗಿನಲ್ಲಿ ಕೆಮ್ಮು ತೆಗೆಯಿರಿ, ಆದರೆ 'ಒಸಿ'ಯನ್ನು ತೆಗೆಯಬೇಡಿ. ಹಾಲಿಗೆ 'ಆಲು' ಅಂದರೆ, 'ಬಿಡು' ಬದಲು 'ಬುಡು' ಅಂದರೆ ಅದು ತಪ್ಪಲ್ಲ, ಅದು ಆ ನೆಲದ ಕನ್ನಡ. ಅದನ್ನು ಸಿನಿಮಾದಲ್ಲಿ ನಗಿಸಲಿಕ್ಕೆ ಮಾತ್ರ ಬಳಸಿ ಬಳಸಿ ನಮ್ಮವರಿಗೇ ನಾಚಿಕೆ ಹುಟ್ಟಿಸಿದ್ದೇವೆ. ಊರಿಗೆ ಫೋನ್ ಮಾಡುವಾಗ ಆಫೀಸಿನಲ್ಲಿ ದನಿ ತಗ್ಗಿಸುವವರು ನಮ್ಮಲ್ಲಿ ಎಷ್ಟಿಲ್ಲ? ಪಾಡ್‌ಕಾಸ್ಟಿನ ಹೆಸರು, ವಿವರ ಕನ್ನಡ ಅಕ್ಷರದಲ್ಲೇ ಇರಲಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೆ ಕನ್ನಡದಲ್ಲಿ ಹುಡುಕುವವನಿಗೆ ನೀವು ಸಿಗುವುದೇ ಇಲ್ಲ.

ಮತ್ತೆ, ಒಪ್ಪಿಗೆ. ಪ್ರಸಾರ ಮಾಡುತ್ತೇವೆ, ಯಾರು ಬೇಕಾದರೂ ಕೇಳುತ್ತಾರೆ ಎಂದು ಮೊದಲೇ ಹೇಳಿ. ಅವರು ಹೂಂ ಎಂದದ್ದೂ ರೆಕಾರ್ಡಿನಲ್ಲಿರಲಿ. ಅಣ್ಣತಮ್ಮಂದಿರ ಜಮೀನು ಜಗಳ, ಸೊಸೆಯ ಮಾತು ನಡುವೆ ಬಂದೇ ಬರುತ್ತದೆ. ಅದನ್ನು ಹಾಕಿ ಒಂದು ಮನೆ ಒಡೆಯುವ ಹಕ್ಕು ನಮಗಿಲ್ಲ.

ನಿಮ್ಮ ಕಾಲೇಜಿಗೆ, ನಿಮ್ಮೂರ ನೋಂದಾಯಿತ ಸಂಘಕ್ಕೆ ಹೋಗಿ, ಸಮುದಾಯ ರೇಡಿಯೋಗೆ ಅರ್ಜಿ ಹಾಕಿ ಎಂದು ಬೆನ್ನು ಬೀಳಿ. ಅದು ಬರುವವರೆಗೆ ಕಾಯಬೇಡಿ, ಹಾಸನ ಆಕಾಶವಾಣಿಯ ಬಾಗಿಲು ತಟ್ಟಿ, ಪಾಡ್‌ಕಾಸ್ಟು ಶುರು ಮಾಡಿ. ರೆಕಾರ್ಡ್ ಮಾಡಿದ್ದಕ್ಕೆಲ್ಲ ಹೆಸರು, ಊರು, ತಾಲ್ಲೂಕು, ತಾರೀಖು ಬರೆದು ಎರಡು ಕಡೆ ಇಡಿ. ಮೂರನೇ ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ ಆ ಮನೆಗೇ ಕೊಟ್ಟು ಬನ್ನಿ. ಹೋದಾಗ ಅವ್ವನ ಮುಂದೆ ಕೂತು ಒಂದು ಸಲ ಪೂರ್ತಿ ಕೇಳಿಸಿ. ಅವಳು ಇದನ್ನು ತೆಗಿ ಅಂದರೆ ತೆಗೆಯಿರಿ.